ಡಂಪಿನ ಬುಡದಲ್ಲಿ ಕೆಂಪು ನೀರು, ಮೇಲೆ ಒಣಗುವ ಗಿಡ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಕಲ್ಗುಡ್ಡ
ನಮ್ಮದು ತೆರೆದ ಗಣಿಯ ಓವರ್‌ಬರ್ಡನ್ ಡಂಪ್, ಅಂದರೆ ಅದಿರು ಮುಟ್ಟಲು ಅಗೆದು ತೆಗೆದ ಮಣ್ಣು-ಕಲ್ಲಿನ ಗುಡ್ಡೆ. ಎತ್ತರ 30 ಮೀಟರ್, ಹತ್ತತ್ತು ಮೀಟರಿನ ಮೂರು ಬೆಂಚು (ಮೆಟ್ಟಿಲು). ಮುಖಗಳೆಲ್ಲ ಟಿಪ್ಪರ್ ಸುರಿದಾಗ ನಿಂತ ಕೋನದಲ್ಲೇ ಇವೆ, ಸುಮಾರು 37 ಡಿಗ್ರಿ. ಮೇಲ್ಮಣ್ಣು ಹರಡಿ ಗಿಡ ನೆಟ್ಟು ಎರಡು ಮಳೆಗಾಲ ಕಳೆದಿದೆ. ಮೊದಲ ವರ್ಷ ಚೆನ್ನಾಗಿದ್ದವು. ಈಗ ಎಲೆ ಹಳದಿ, ಅಂಚು ಸುಟ್ಟ ಹಾಗೆ, ಮೂರರಲ್ಲೊಂದು ಗಿಡ ಒಣಗಿದೆ. ಬುಡದಲ್ಲಿ ಜಿನುಗುವ ನೀರು ಹೊರಬೀಳುವಾಗ ತಿಳಿಯಾಗಿರುತ್ತದೆ, ಸ್ವಲ್ಪ ದೂರ ಹರಿಯುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಪಿಎಚ್ 3.4. ಮೇಲ್ಮಣ್ಣನ್ನು 6 ಮೀಟರ್ ಎತ್ತರದ ರಾಶಿ ಮಾಡಿ ಮೂರು ವರ್ಷ ಇಟ್ಟು ಆಮೇಲೆ ಬಳಸಿದ್ದು.

ಬಂದಿರುವ ಸಲಹೆ ಎರಡು. ಒಂದು, ಹೆಕ್ಟೇರಿಗೆ 2 ಟನ್ ಸುಣ್ಣ ಎರಚಿ ಮತ್ತೆ ನೆಡುವುದು. ಇನ್ನೊಂದು, ಬುಡದ ಕಾಲುವೆಗೆ ಸುಣ್ಣಕಲ್ಲು ತುಂಬುವುದು. ಯಾವುದು ಸರಿ?

ಪೈರೈಟ್‌ಪುರಾಣ
ಸದ್ಯಕ್ಕೆ ಎರಡೂ ಬೇಡ. 3.4 ಅಂದಿರಲ್ಲ, ಅದನ್ನು ಎಲ್ಲಿ ಅಳೆದದ್ದು? ನೀರು ಹೊರಬೀಳುವ ಬಾಯಲ್ಲೋ, ಕೆಳಗೆ ಕೆಂಪಾದ ಜಾಗದಲ್ಲೋ?

ಕಲ್ಗುಡ್ಡ
ಕೆಳಗೆ, ನೀರು ನಿಂತಿದ್ದ ಗುಂಡಿಯಲ್ಲಿ. ಇವತ್ತು ಬಾಯಲ್ಲೂ ಅಳೆದೆವು, 4.1 ಬಂತು. 20 ಲೀಟರಿನ ಬಕೆಟ್ ತುಂಬಲು 10 ಸೆಕೆಂಡ್ ಹಿಡಿಯುತ್ತದೆ. ಪ್ರಯೋಗಾಲಯದ ಹಳೆಯ ವರದಿಯಲ್ಲಿ ಫೆರಸ್ ಕಬ್ಬಿಣ 60, ಅಲ್ಯೂಮಿನಿಯಂ 20, ಮ್ಯಾಂಗನೀಸ್ 5 ಎಂದಿದೆ, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ.

ಪೈರೈಟ್‌ಪುರಾಣ
ಹಾಗಿದ್ದರೆ ಲೆಕ್ಕ ಕೂಡುತ್ತದೆ. ಒಳಗಿನಿಂದ ಬರುವ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ, ಅದಕ್ಕೇ ತಿಳಿಯಾಗಿ ಕಾಣುತ್ತದೆ. ಹೊರಗೆ ಗಾಳಿ ಮತ್ತು ಬ್ಯಾಕ್ಟೀರಿಯಾ ಸೇರಿ ಅದು ಫೆರಿಕ್ ಆಗುತ್ತದೆ, ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತದೆ. ಆ ಕ್ರಿಯೆಯಲ್ಲೇ ಇನ್ನಷ್ಟು ಆಮ್ಲ ಹುಟ್ಟುವುದರಿಂದ ಕೆಳಗೆ ಹೋದಂತೆ ಪಿಎಚ್ ಇಳಿಯುತ್ತದೆ.

ಪಿಎಚ್ ಒಂದನ್ನೇ ನೋಡಿ ಸುಣ್ಣದ ಪ್ರಮಾಣ ನಿರ್ಧರಿಸುವವರು ಎಡವುವುದು ಇಲ್ಲೇ. ಒಟ್ಟು ಆಮ್ಲತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ತೆಗೆಯಬೇಕು: ಫೆರಸ್ ಕಬ್ಬಿಣವನ್ನು 56ರಿಂದ ಭಾಗಿಸಿ 2ರಿಂದ ಗುಣಿಸಿ, ಅಲ್ಯೂಮಿನಿಯಂ 27ರಿಂದ ಭಾಗಿಸಿ 3ರಿಂದ, ಮ್ಯಾಂಗನೀಸ್ 55ರಿಂದ ಭಾಗಿಸಿ 2ರಿಂದ, ಇವುಗಳ ಜೊತೆಗೆ ಪಿಎಚ್‌ನಿಂದ ಬರುವ ಹೈಡ್ರೋಜನ್ ಅಯಾನನ್ನು ಲೀಟರಿಗೆ ಮಿಲಿಮೋಲ್‌ನಲ್ಲಿ ಸೇರಿಸಿ, ಒಟ್ಟನ್ನು 50ರಿಂದ ಗುಣಿಸಿ. ನಿಮ್ಮ ಅಂಕಿಗಳಿಗೆ ಕಬ್ಬಿಣದಿಂದ 107, ಅಲ್ಯೂಮಿನಿಯಂನಿಂದ 111, ಮ್ಯಾಂಗನೀಸ್‌ನಿಂದ 9, ಪಿಎಚ್‌ನಿಂದ ಬರೀ 4. ಒಟ್ಟು ಲೀಟರಿಗೆ 231 ಮಿಲಿಗ್ರಾಂ. ಅಂದರೆ ಮೀಟರಿನಲ್ಲಿ ಕಾಣುವ ಆಮ್ಲ ಒಟ್ಟಿನಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ.

ಸೆಕೆಂಡಿಗೆ 2 ಲೀಟರ್ ಎಂದರೆ ದಿನಕ್ಕೆ 172.8 ಘನ ಮೀಟರ್. ಹೊರೆ ದಿನಕ್ಕೆ 40 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಅರಳಿಸಿದ ಸುಣ್ಣವಾದರೆ 0.74ರಿಂದ ಗುಣಿಸಿ, ಸುಮಾರು 30 ಕಿಲೋ. ಸುಣ್ಣದ ಶುದ್ಧತೆ, ಸರಿಯಾಗಿ ಬೆರೆಯದೆ ಉಳಿಯುವುದು ಎಲ್ಲ ಸೇರಿ 35ರಿಂದ 40 ಕಿಲೋ ಇಟ್ಟುಕೊಳ್ಳಿ. ಇದು ಇವತ್ತಿನ ಹರಿವಿಗೆ. ಮಳೆಗಾಲದ ಹರಿವು, ಬೇಸಿಗೆಯ ಹರಿವು ಬೇರೆ ಬೇರೆ ಅಳೆಯದೆ ಯಾವ ಘಟಕವನ್ನೂ ವಿನ್ಯಾಸ ಮಾಡಬೇಡಿ.

ಹೊಸಬ
ಸುಣ್ಣಕಲ್ಲಿನ ಕಾಲುವೆ ಯಾಕೆ ಬೇಡ? ತಾನೇ ಕರಗುತ್ತಾ ಹೋಗುತ್ತದೆ, ಆಳು ಬೇಡ, ವಿದ್ಯುತ್ ಬೇಡ.

ನೀರ್ದಾರಿ
ಕಬ್ಬಿಣ ಇರುವ ನೀರು ಗಾಳಿಗೆ ತೆರೆದಿದ್ದರೆ ಸುಣ್ಣಕಲ್ಲಿನ ಮೈಮೇಲೆ ಹೈಡ್ರಾಕ್ಸೈಡಿನ ಪದರ ಕಟ್ಟುತ್ತದೆ. ಕೆಲವು ತಿಂಗಳಲ್ಲಿ ಒಳಗೆ ಬಿಳಿ ಕಲ್ಲು, ಹೊರಗೆ ಕೆಂಪು ಕವಚ. ಕಲ್ಲು ಒಡೆದು ನೋಡಿದರೆ ಗೊತ್ತಾಗುತ್ತದೆ. ಇಳಿಜಾರು ನೂರಕ್ಕೆ 20ಕ್ಕಿಂತ ಕಡಿದಾಗಿದ್ದು ನೀರು ರಭಸವಾಗಿ ಹರಿದರೆ ಪದರ ಸ್ವಲ್ಪ ಉಜ್ಜಿಹೋಗುತ್ತದೆ, ಅಂಥ ಕಡೆ ತೆರೆದ ಕಾಲುವೆ ಒಂದು ಮಟ್ಟಿಗೆ ನಡೆಯುತ್ತದೆ. ಡಂಪಿನ ಬುಡದ ಕಾಲುವೆ ಸಾಮಾನ್ಯವಾಗಿ ಸಮತಟ್ಟು, ಅಲ್ಲಿ ನಡೆಯುವುದಿಲ್ಲ.

ಗಾಳಿ ಸೋಕದ ಹಾಗೆ ಮುಚ್ಚಿದ ಸುಣ್ಣಕಲ್ಲಿನ ಚರಂಡಿಯೂ ಇದೆ. ಆದರೆ ಅದಕ್ಕೆ ಕರಗಿದ ಆಮ್ಲಜನಕ, ಫೆರಿಕ್ ಕಬ್ಬಿಣ, ಅಲ್ಯೂಮಿನಿಯಂ ಮೂರೂ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಇಲ್ಲಿ ಅಲ್ಯೂಮಿನಿಯಂ 20. ಬಿಳಿ ಲೋಳೆಯ ಹಾಗೆ ಕಲ್ಲಿನ ಸಂದಿ ತುಂಬಿ ಚರಂಡಿ ಕಟ್ಟಿಕೊಳ್ಳುತ್ತದೆ, ಅಗೆದು ತೆಗೆಯದೆ ಬೇರೆ ದಾರಿ ಇರುವುದಿಲ್ಲ.

ಜಾಗ ಇದ್ದರೆ ಲಂಬ ಹರಿವಿನ ಕೊಳ ಮಾಡಬಹುದು. ಮೇಲೆ ನಿಂತ ನೀರು, ಅದರ ಕೆಳಗೆ ಕಾಂಪೋಸ್ಟ್, ಅದರ ಕೆಳಗೆ ಸುಮಾರು ಒಂದು ಮೀಟರ್ ಸುಣ್ಣಕಲ್ಲು, ತಳದಲ್ಲಿ ತೂತಿನ ಪೈಪು. ಕಾಂಪೋಸ್ಟ್ ಆಮ್ಲಜನಕವನ್ನು ಹೀರಿ ಫೆರಿಕ್ಕನ್ನು ಫೆರಸ್ ಆಗಿಸುತ್ತದೆ, ಹಾಗಾಗಿ ಕಬ್ಬಿಣದ ಪದರ ಕಟ್ಟುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಕೂತೇ ಕೂರುತ್ತದೆ. ತಳದ ಪೈಪಿಗೆ ವಾಲ್ವ್ ಇಟ್ಟು ಆಗಾಗ ಜೋರಾಗಿ ನೀರು ಬಿಟ್ಟು ತೊಳೆಯುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು.

ಪೈರೈಟ್‌ಪುರಾಣ
ಸುಣ್ಣ ಬೆರೆಸುವ ಘಟಕ ಹಾಕಿದರೂ ಕೆಸರಿನ ಲೆಕ್ಕ ಮರೆಯಬೇಡಿ. 60 ಮಿಲಿಗ್ರಾಂ ಕಬ್ಬಿಣ 115 ಮಿಲಿಗ್ರಾಂ ಹೈಡ್ರಾಕ್ಸೈಡ್ ಆಗುತ್ತದೆ, 20 ಮಿಲಿಗ್ರಾಂ ಅಲ್ಯೂಮಿನಿಯಂ 58. ದಿನಕ್ಕೆ 30 ಕಿಲೋ ಒಣ ಕೆಸರು. ಆದರೆ ಅದು ಒಣಗಿ ಬರುವುದಿಲ್ಲ. ನೂರಕ್ಕೆ 2 ಘನಾಂಶ ಹಿಡಿದರೆ ದಿನಕ್ಕೆ ಒಂದೂವರೆ ಘನ ಮೀಟರ್, ತಿಂಗಳಿಗೆ 45. ಒಂದು ದಿನದ ನೀರು ನಿಲ್ಲುವಷ್ಟು, ಅಂದರೆ 175 ಘನ ಮೀಟರಿನ ಕೊಳ ಕಟ್ಟಿ ಕೈತೊಳೆದುಕೊಂಡರೆ ಎರಡು ಮೂರು ತಿಂಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಕೆಸರೇ. ಎರಡು ಕೊಳ ಬೇಕು. ಒಂದು ಓಡುವಾಗ ಇನ್ನೊಂದು ಒಣಗಬೇಕು.

ಪಿಎಚ್ 8.5ರ ಸುತ್ತ ನಿಲ್ಲಿಸಿ, ನೀರಿಗೆ ಗಾಳಿ ಕೊಡಿ, ಫೆರಸ್ ಬೇಗ ಫೆರಿಕ್ ಆಗುತ್ತದೆ. ಮ್ಯಾಂಗನೀಸ್ ತೆಗೆಯಲು 9.5ರಿಂದ 10 ಬೇಕು, ಆದರೆ 9 ದಾಟಿದರೆ ಕೂತ ಅಲ್ಯೂಮಿನಿಯಂ ಮತ್ತೆ ಕರಗಲು ಶುರು. ಎರಡೂ ಬೇಕೆನ್ನುವವರು ಮೊದಲ ಕೊಳದಲ್ಲಿ ಅಲ್ಯೂಮಿನಿಯಂ ಕೂರಿಸಿ ಬೇರ್ಪಡಿಸಿ, ಎರಡನೆಯದರಲ್ಲಿ ಪಿಎಚ್ ಏರಿಸಬೇಕು.

ಇಳಿಜಾರು
ನೀರಿನ ಚಿಕಿತ್ಸೆ ಅತ್ತ ನಡೆಯಲಿ, ಅದು ರೋಗದ ಲಕ್ಷಣ ಅಷ್ಟೇ. ಡಂಪ್ ಕಟ್ಟಿದ ಕ್ರಮ ನೋಡಿ. 10 ಮೀಟರ್ ಎತ್ತರದಿಂದ ಅಂಚಿಗೆ ಸುರಿದರೆ ದೊಡ್ಡ ಬಂಡೆಗಳು ಉರುಳಿ ಬುಡ ಸೇರುತ್ತವೆ, ಪುಡಿ ಮೇಲೆಯೇ ಉಳಿಯುತ್ತದೆ. ಪ್ರತಿ ಬೆಂಚಿನ ತಳದಲ್ಲೂ ಬಂಡೆಗಳ ಪೊಳ್ಳು ಪದರ. ಕಲ್ಲಿನಲ್ಲಿರುವ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಗಾಳಿ ಮತ್ತು ನೀರು ತಾಗಿದರೆ ಉತ್ಕರ್ಷಿಸಿ ಆಮ್ಲ ಬಿಡುತ್ತದೆ. ಆ ಉತ್ಕರ್ಷಣೆಯಿಂದ ಒಳಗೆ ಬಿಸಿ ಏರುತ್ತದೆ, ಬಿಸಿ ಗಾಳಿ ಮೇಲೆ ಹೋಗುತ್ತದೆ, ಆ ಪೊಳ್ಳು ಪದರದಿಂದ ತಾಜಾ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಒಲೆಗೆ ಕೆಳಗಿನಿಂದ ಗಾಳಿ ಬಿಟ್ಟ ಹಾಗೆ. ಮೇಲಿನ ಸಮತಟ್ಟಿಗೆ ಎಷ್ಟೇ ಸುಣ್ಣ ಎರಚಿದರೂ ಪಕ್ಕದಿಂದ ಹೋಗುವ ಗಾಳಿ ನಿಲ್ಲುವುದಿಲ್ಲ.

ಮುಂದಿನ ಡಂಪಿಗಾದರೂ ಎರಡು ಮೂರು ಮೀಟರಿನ ಪದರಗಳಾಗಿ ಹರಡಿ, ಪ್ರತಿ ಪದರವನ್ನೂ ಲೋಡಾದ ಟಿಪ್ಪರ್ ಓಡಿಸಿ ತುಳಿಸಿ. ಗಂಧಕದ ಕಲ್ಲು ಮಧ್ಯಕ್ಕೆ, ನಿರುಪದ್ರವಿ ಕಲ್ಲು ಹೊರಮೈಗೆ. ಬ್ಲಾಸ್ಟಿಂಗ್ ತೂತಿನ ಪುಡಿಯನ್ನೇ ಗಂಧಕಕ್ಕೆ ಪರೀಕ್ಷಿಸಿದರೆ ಯಾವ ಟಿಪ್ಪರ್ ಎಲ್ಲಿಗೆ ಹೋಗಬೇಕೆಂದು ಸುರಿಯುವ ಮೊದಲೇ ಗೊತ್ತಾಗುತ್ತದೆ.

ಕಲ್ಗುಡ್ಡ
ಈಗಿರುವ ಡಂಪಿನ ಮುಖವನ್ನು 3ಕ್ಕೆ 1ರ ಇಳಿಜಾರಿಗೆ (3 ಮೀಟರ್ ಅಡ್ಡಕ್ಕೆ 1 ಮೀಟರ್ ಎತ್ತರ) ತರಬಹುದೇ? ಬರ್ಮುಗಳು, ಅಂದರೆ ಬೆಂಚುಗಳ ನಡುವಿನ ಸಮತಟ್ಟು ಪಟ್ಟಿಗಳು, 8 ಮೀಟರ್ ಅಗಲ ಇವೆ.

ಇಳಿಜಾರು
ಬೆಂಚ್ ಬೆಂಚಾಗಿ ಮಾಡಲು ಜಾಗ ಸಾಲದು. 37 ಡಿಗ್ರಿಯಲ್ಲಿ 10 ಮೀಟರ್ ಎತ್ತರಕ್ಕೆ ಅಡ್ಡ ಅಳತೆ 13.3 ಮೀಟರ್, 3ಕ್ಕೆ 1 ಆದರೆ 30. ಅಂತರ 16.7. ಅಗೆದದ್ದು, ತುಂಬಿದ್ದು ಸಮವಾಗಬೇಕೆಂದರೆ ಮೇಲಂಚು 8.3 ಮೀಟರ್ ಹಿಂದೆ ಸರಿಯುತ್ತದೆ, ಬುಡ 8.3 ಮೀಟರ್ ಮುಂದೆ ಬರುತ್ತದೆ. ನಡುವಿನ ಬರ್ಮನ್ನು ಎರಡೂ ಕಡೆಯಿಂದ ತಿನ್ನುವುದರಿಂದ ಅದು 17 ಮೀಟರಿಗಿಂತ ಕಿರಿದಾಗಿದ್ದರೆ ಮಾಯ.

ಬರ್ಮುಗಳನ್ನು ಬಿಟ್ಟುಕೊಟ್ಟು ಇಡೀ 30 ಮೀಟರನ್ನು ಒಂದೇ ಇಳಿಜಾರು ಮಾಡಿದರೆ ಅಡ್ಡ ಅಳತೆ 90. ಈಗಿನದು 40 ಮತ್ತು ಎರಡು ಬರ್ಮಿನ 16 ಸೇರಿ 56. ಅಂತರ 34, ಬುಡ ಸುಮಾರು 17 ಮೀಟರ್ ಹೊರಗೆ ಬರುತ್ತದೆ. ಅಷ್ಟು ಜಾಗ ಬುಡದಾಚೆ ನಿಮ್ಮ ಗಡಿಯೊಳಗೆ ಇದೆಯೇ, ಅದನ್ನು ಮೊದಲು ನೋಡಿ.

ಇನ್ನೊಂದು ಗಂಭೀರ ವಿಷಯ. ಆ 17 ಮೀಟರ್ ಬರುವುದು ಜಿನುಗು ನೀರಿನ ಬಾಯಿಯ ಮೇಲೆಯೇ. ಡೋಜರ್ ತಳ್ಳಿದ ಪುಡಿಮಣ್ಣು ಬಾಯಿ ಮುಚ್ಚಿದರೆ ನೀರು ಒಳಗೆ ಏರುತ್ತದೆ, ರಂಧ್ರಗಳ ನೀರೊತ್ತಡ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಕಡಿಮೆಯಾಗುತ್ತದೆ. ವೇಲ್ಸಿನ ಅಬರ್‌ಫಾನ್‌ನಲ್ಲಿ 1966ರ ಅಕ್ಟೋಬರ್ 21ರಂದು ಜಾರಿದ 7ನೇ ನಂಬರಿನ ಕಲ್ಲಿದ್ದಲು ತ್ಯಾಜ್ಯದ ಗುಡ್ಡೆ ಒರತೆಯ ಮೇಲೆ ನಿಂತಿತ್ತು. ಸತ್ತವರು 144, ಅವರಲ್ಲಿ 116 ಮಕ್ಕಳು. ಆದ್ದರಿಂದ ಮೊದಲು ಬಾಯಿಯ ಮೇಲೆ ಆಮ್ಲ ಬಿಡದ, ಪುಡಿಯಿಲ್ಲದ ದಪ್ಪ ಕಲ್ಲಿನ ಹಾಸು, ಅದರ ಮೇಲೆ ಜಿಯೊಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಅಥವಾ ಜಲ್ಲಿ-ಮರಳಿನ ಸೋಸು ಪದರ, ಆಮೇಲೆ ಡೋಜರ್. ಬುಡದ ಗೋಡೆಯನ್ನು ಸಿಮೆಂಟ್ ಹಾಕಿ ಬಿಗಿಯಾಗಿ ಕಟ್ಟುವುದೂ ಇದೇ ತಪ್ಪು. ಒಣಗಲ್ಲು ಅಥವಾ ಗೇಬಿಯನ್ (ತಂತಿ ಬಲೆಯಲ್ಲಿ ತುಂಬಿದ ಕಲ್ಲು) ಇರಲಿ, ನೀರು ದಾಟಿ ಹೋಗಬೇಕು.

ನೀರ್ದಾರಿ
ಆ ನೀರು ಎಲ್ಲಿಂದ ಬರುತ್ತಿದೆ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಮಳೆ ನಿಂತ ಮೇಲೆ ಹರಿವು ವಾರಗಳಲ್ಲಿ ಇಳಿಯುತ್ತಾ ಬಂದರೆ ಅದು ಡಂಪಿನ ಮೇಲೆ ಬಿದ್ದು ಇಂಗಿದ ನೀರು, ಹೊದಿಕೆ ಹಾಕಿದರೆ ಕಡಿಮೆಯಾಗುತ್ತದೆ. ಬೇಸಿಗೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಇದ್ದರೆ ತಳದಲ್ಲಿ ಒರತೆಯೋ ಹಳೆಯ ಹಳ್ಳವೋ ಇದೆ, ಮೇಲೆ ಎಂಥ ಹೊದಿಕೆ ಹಾಕಿದರೂ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಹರಿವು ಮತ್ತು ವಿದ್ಯುತ್ ವಾಹಕತೆ ಬರೆದಿಡಿ. ಡಂಪ್ ಹಾಕುವ ಮೊದಲಿನ ಭೂನಕ್ಷೆ ಸಿಕ್ಕರೆ ಸಮೋನ್ನತಿ ರೇಖೆಗಳು ಎಲ್ಲಿ ಒಳಕ್ಕೆ ಬಾಗಿವೆ ನೋಡಿ, ಹಳ್ಳ ಅಲ್ಲೇ.

ಬರ್ಮಿನ ವಿಚಾರಕ್ಕೆ ನನ್ನ ತಕರಾರಿದೆ. 90 ಮೀಟರ್ ಉದ್ದದ ಒಂದೇ ನೇರ ಇಳಿಜಾರಿನಲ್ಲಿ ನೀರು ಕೆಳಗೆ ಬರುವಷ್ಟರಲ್ಲಿ ಒಟ್ಟುಗೂಡಿ ಕೊರಕಲು ಬೀಳಿಸುತ್ತದೆ.

ಇಳಿಜಾರು
ಬರ್ಮಿದ್ದರೆ ಬೀಳುವುದಿಲ್ಲ ಎನ್ನುವುದೂ ಪುಸ್ತಕದ ಮಾತು. ಬರ್ಮು ಹೂಳಿನಿಂದ ತುಂಬುತ್ತದೆ, ಅಥವಾ ಒಂದು ಕಡೆ ಡಂಪ್ ಹೆಚ್ಚು ಕುಸಿದು ತಗ್ಗಾಗುತ್ತದೆ. ಇಡೀ ಬರ್ಮಿನ ನೀರು ಆ ತಗ್ಗಿನಲ್ಲಿ ಒಡೆದು ಒಂದೇ ಕಡೆ ಧುಮುಕುತ್ತದೆ. ಹಾಗೆ ಬೀಳುವ ಕೊರಕಲು ನೇರ ಇಳಿಜಾರಿನ ಕೊರಕಲಿಗಿಂತ ಆಳ. ವರ್ಷಾ ವರ್ಷ ಹೂಳೆತ್ತುವವರು ಇದ್ದರೆ ಬರ್ಮು ಇರಲಿ. ಗಣಿ ಮುಚ್ಚಿ ಎಲ್ಲರೂ ಹೋಗುವ ಜಾಗವಾದರೆ ಮೇಲೆ ಕಡಿದಾಗಿ ಕೆಳಗೆ ಸಪಾಟಾಗುವ ಒಳಬಾಗಿದ ಇಳಿಜಾರು ಮಾಡಿ, ಮೇಲ್ಮೈಗೆ ಕಲ್ಲು ಬೆರೆಸಿದ ಮಣ್ಣು ಹಾಕುವುದೇ ನನ್ನ ಆಯ್ಕೆ.

ನೀರ್ದಾರಿ
ಕುಸಿತದ ಮಾತು ಒಪ್ಪಿದೆ. ಹಾಗಿದ್ದರೂ ಮೇಲಿನ ಸಮತಟ್ಟಿನ ನೀರು ಇಳಿಜಾರಿಗೆ ಒಂದು ಹನಿಯೂ ಬೀಳಬಾರದು. ಅಂಚಿನಲ್ಲಿ ಬದು, ಒಳಗೆ ಸಣ್ಣ ಮಡಿಗಳು. ಅಧಿಕ ನೀರಿಗೆ ಕಲ್ಲು ಹಾಸಿದ ಒಂದು ಇಳಿಗಾಲುವೆ. ಅಳತೆಗೆ ಸರಳ ಸೂತ್ರ ಸಾಕು: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು), ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ, ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. 4 ಹೆಕ್ಟೇರ್, 60 ಮಿಲಿಮೀಟರ್, ಗುಣಾಂಕ 0.6 ಆದರೆ ಸೆಕೆಂಡಿಗೆ 0.4 ಘನ ಮೀಟರ್. ಕಲ್ಲಿನ ಕೆಳಗೆ ಸೋಸು ಪದರ ಇಲ್ಲದಿದ್ದರೆ ಕಲ್ಲುಗಳ ಸಂದಿಯಿಂದ ಪುಡಿ ಎದ್ದುಹೋಗಿ ಕಾಲುವೆಯೇ ಕೆಳಗೆ ಕುಸಿಯುತ್ತದೆ. ಕಲ್ಲು ಚಿಕ್ಕದಾಗಿತ್ತು ಎಂದು ಎಲ್ಲರೂ ದೂರುತ್ತಾರೆ, ನೋಡಿದರೆ ಜಿಯೊಟೆಕ್ಸ್‌ಟೈಲೇ ಹಾಕಿರುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಡಂಪಿನ ಮಣ್ಣಿನ ಒಣ ಹೆಂಟೆಯೊಂದನ್ನು, ಕಡಲೆ ಗಾತ್ರದ್ದು, ಬಟ್ಟಿ ಇಳಿಸಿದ ನೀರಿನಲ್ಲಿ ಅಲುಗಿಸದೆ ಬಿಡಿ. 2 ಗಂಟೆ, ಮತ್ತೆ 20 ಗಂಟೆ ಬಿಟ್ಟು ನೋಡಿ. ಸುಮ್ಮನೆ ಉದುರಿ ಕೂತರೆ ತೊಂದರೆಯಿಲ್ಲ. ಸುತ್ತ ಹಾಲಿನ ಹಾಗೆ ಮಸುಕು ಹರಡಿದರೆ ಸೋಡಿಯಂ ಹೆಚ್ಚಿದೆ, ಆ ಮಣ್ಣು ನೀರಿನಲ್ಲಿ ಚದುರುತ್ತದೆ. ಅಂಥದ್ದರಲ್ಲಿ ನೀರು ನಿಲ್ಲಿಸುವ ಬದು ಹಾಕಲೇಬೇಡಿ, ಒಳಗೊಳಗೇ ಸುರಂಗ ಕೊರೆದುಕೊಂಡು ಒಂದು ದಿನ ಮೇಲ್ಮೈ ಕುಸಿಯುತ್ತದೆ. ಮೊದಲು ಜಿಪ್ಸಂ.

ಹೊಸಬ
ಹೊದಿಕೆಗೆ ಹತ್ತಿರದಲ್ಲೇ ಇರುವ ಟೇಲಿಂಗ್ಸ್ ಬಳಸಿದರೆ? ನುಣ್ಣಗಿದೆ, ನೀರು ಇಳಿಯುವುದಿಲ್ಲ.

ಇಳಿಜಾರು
ಅದು ಅದಿರು ಅರೆದು ಲೋಹ ತೆಗೆದ ಮೇಲೆ ಉಳಿದ ನುಣುಪು ಪುಡಿ. ಗಂಧಕ ಅದರಲ್ಲೇ ಹೆಚ್ಚಿರಬಹುದು, ಒಣಗಿದರೆ ಗಾಳಿಗೆ ಹಾರುತ್ತದೆ, ಸಡಿಲವಾಗಿದ್ದು ನೀರು ತುಂಬಿದರೆ ದ್ರವದ ಹಾಗೆ ಹರಿಯುತ್ತದೆ. ಬ್ರೆಜಿಲಿನ ಬ್ರುಮಾಡಿನ್ಯೋದಲ್ಲಿ 2019ರ ಜನವರಿ 25ರಂದು ಆದದ್ದು ಅದೇ, 270 ಜನ ಹೋದರು. ಇಳಿಜಾರಿನ ಮೇಲೆ ಹಾಕುವ ಮಾತೇ ಬೇಡ.

ಪೈರೈಟ್‌ಪುರಾಣ
ಹೊದಿಕೆಯ ಕೆಲಸ ನೀರು ತಡೆಯುವುದಷ್ಟೇ ಅಲ್ಲ, ಗಾಳಿ ತಡೆಯುವುದು. ಆಮ್ಲಜನಕ ನೀರಿನಲ್ಲಿ ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನ ಹರಡುತ್ತದೆ. ಅದಕ್ಕೇ ಜೇಡಿಯ ಪದರದ ರಂಧ್ರಗಳು ನೂರಕ್ಕೆ 85ರಷ್ಟಾದರೂ ನೀರಿನಿಂದ ತುಂಬಿರಬೇಕು ಎನ್ನುತ್ತಾರೆ. ಅರ್ಧ ಮೀಟರ್ ಜೇಡಿ ಒತ್ತಿ ಅದರ ಮೇಲೆ ಅಂಗೈ ದಪ್ಪ ಮಣ್ಣು ಹಾಕಿದರೆ ಒಂದೇ ಬೇಸಿಗೆಗೆ ಬಿರುಕು ಬಿಡುತ್ತದೆ, ಬೇರೂ ತೂರುತ್ತದೆ. ಜೇಡಿಯ ಮೇಲೆ ಕನಿಷ್ಠ ಒಂದು ಮೀಟರ್ ರಕ್ಷಣಾ ಪದರ ಬೇಕು. ಮಳೆಗಿಂತ ಆವಿಯಾಗುವಿಕೆಯೇ ಹೆಚ್ಚಿರುವ ಒಣ ಪ್ರದೇಶದಲ್ಲಿ ಜೇಡಿ ಬಿಟ್ಟು, ಒಳ್ಳೆಯ ಮಣ್ಣು-ಕಲ್ಲಿನ 2 ಮೀಟರ್ ಪದರ ಹಾಕಿ, ಮಳೆಗಾಲದಲ್ಲಿ ನೀರು ಹಿಡಿದು ಗಿಡಗಳ ಮೂಲಕ ವಾಪಸು ಬಿಡುವ ಹೊದಿಕೆ ವಾಸಿ.

ಈಗ ಬಂಡೆಯ ಪರೀಕ್ಷೆ. ಒಟ್ಟು ಗಂಧಕ, ಸಲ್ಫೇಟ್ ಗಂಧಕ, ತಟಸ್ಥೀಕರಣ ಸಾಮರ್ಥ್ಯ (ಕಲ್ಲು ತಾನೇ ಎಷ್ಟು ಆಮ್ಲ ಅಡಗಿಸಬಲ್ಲದು ಎಂಬುದು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ), ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಪರೀಕ್ಷೆ: 2.5 ಗ್ರಾಂ ಪುಡಿಗೆ ನೂರಕ್ಕೆ 15ರ ಪೆರಾಕ್ಸೈಡ್ 250 ಮಿಲಿಲೀಟರ್, ಕ್ರಿಯೆ ಮುಗಿದ ಮೇಲೆ ಪಿಎಚ್ 4.5ಕ್ಕಿಂತ ಕೆಳಗಿದ್ದರೆ ಆಮ್ಲ ಬಿಡುವ ಕಲ್ಲು. ವರದಿ ಬಂದ ಮೇಲೆ ಇಲ್ಲಿ ಹಾಕಿ.

ಮಣ್ಣುಹುಳು
ಅಲ್ಲಿಯವರೆಗೆ ಗಿಡದ ಮಾತು. ಮೊದಲ ವರ್ಷ ಚೆನ್ನಾಗಿದ್ದು ಎರಡನೆಯ ವರ್ಷ ಸಾಯುವುದು ಬೇರು ಮೇಲ್ಮಣ್ಣು ದಾಟಿ ಡಂಪಿನ ಕಲ್ಲಿಗೆ ಮುಟ್ಟಿದ್ದರ ಗುರುತು. ಸತ್ತ ಗಿಡ ಕಿತ್ತು ನೋಡಿ. ಬೇರಿನ ತುದಿ ಮೊಂಡಾಗಿ, ದಪ್ಪಗಾಗಿ, ಕಂದಾಗಿದ್ದರೆ ಅಲ್ಯೂಮಿನಿಯಂ ವಿಷ. ಬೇರು ಆರೋಗ್ಯವಾಗಿದ್ದೂ ಒಂದು ಮಟ್ಟದಲ್ಲಿ ಅಡ್ಡಕ್ಕೆ ತಿರುಗಿದ್ದರೆ ಡೋಜರ್ ತುಳಿದು ಗಟ್ಟಿಯಾದ ಪದರ. ಘನ ಸೆಂಟಿಮೀಟರಿಗೆ ಸಾಂದ್ರತೆ ಜೇಡಿಮಣ್ಣಿನಲ್ಲಿ 1.5, ಮರಳಿನಲ್ಲಿ 1.8 ಗ್ರಾಂ ದಾಟಿದರೆ ಬೇರು ಇಳಿಯುವುದು ಕಷ್ಟ.

ಅಮೆರಿಕದ ಅಪಲಾಚಿಯನ್ ಕಲ್ಲಿದ್ದಲು ಗಣಿಗಳಲ್ಲಿ 1977ರ ಕಾಯ್ದೆ ಬಂದ ಮೇಲೆ ಗುಡ್ಡವನ್ನು ಮೊದಲಿನ ಆಕಾರಕ್ಕೆ ತರುವ ಭರದಲ್ಲಿ ಮಣ್ಣನ್ನು ಒತ್ತಿ ಒತ್ತಿ ಹುಲ್ಲು ಬೆಳೆಸಿದರು. ಮರ ಬರಲೇ ಇಲ್ಲ. ಈಗ ಅಲ್ಲಿ ಮೇಲಿನ 1.2 ಮೀಟರನ್ನು ಸಡಿಲವಾಗಿ ಸುರಿದು ಬಿಡುವುದು, ಡೋಜರ್ ಒಂದೆರಡು ಸಲ ಮಾತ್ರ ಓಡಿಸುವುದು, ಮರದ ಜೊತೆ ಪೈಪೋಟಿ ಮಾಡದ ಗಿಡ್ಡ ಹುಲ್ಲು ಹಾಕುವುದು ರೂಢಿಗೆ ಬಂದಿದೆ. ನೋಡಲು ಅಂದಗೆಟ್ಟ ಗುಡ್ಡೆಯೇ ಮರಕ್ಕೆ ಒಳ್ಳೆಯದು. ತಪಾಸಣೆಗೆ ಬಂದವರು ನಯವಾಗಿ ಮಾಡಿ ಎಂದರೂ ಕೇಳಬೇಡಿ.

ನಿಮ್ಮ ಮೇಲ್ಮಣ್ಣು 6 ಮೀಟರ್ ರಾಶಿಯಲ್ಲಿ ಮೂರು ವರ್ಷ ಇದ್ದುದರಿಂದ ಒಳಭಾಗಕ್ಕೆ ಗಾಳಿ ಹೋಗಿಲ್ಲ, ಬೀಜ, ಶಿಲೀಂಧ್ರ ಬಹುಪಾಲು ಸತ್ತಿವೆ. ಮುಂದೆ 15ರಿಂದ 30 ಸೆಂಟಿಮೀಟರಿನ ಮೇಲ್ಪದರ ಬೇರೆ, ಒಳಮಣ್ಣು ಬೇರೆ ತೆಗೆಯಿರಿ. ಒದ್ದೆಯಿದ್ದಾಗ ಮುಟ್ಟಬೇಡಿ. ರಾಶಿ 2 ಮೀಟರ್ ದಾಟದಿರಲಿ, ಮೇಲೆ ದ್ವಿದಳ ಬಿತ್ತಿ. ಎಲ್ಲಕ್ಕಿಂತ ಒಳ್ಳೆಯದು ರಾಶಿಯೇ ಹಾಕದೆ ತೆಗೆದ ದಿನವೇ ಸಿದ್ಧವಾದ ಇಳಿಜಾರಿಗೆ ಹರಡುವುದು.

ಕಲ್ಗುಡ್ಡ
ಬಂಡೆಯ ವರದಿ ಬಂತು. ಸರಾಸರಿ ಒಟ್ಟು ಗಂಧಕ ನೂರಕ್ಕೆ 1.2, ಸಲ್ಫೇಟ್ ಗಂಧಕ 0.3, ತಟಸ್ಥೀಕರಣ ಸಾಮರ್ಥ್ಯ ಟನ್ನಿಗೆ 18 ಕಿಲೋ. ಪೆರಾಕ್ಸೈಡ್ ಪಿಎಚ್ 3.1. ಬೇರಿನ ತುದಿ ಮೊಂಡಾಗಿಯೇ ಇದೆ.

ಪೈರೈಟ್‌ಪುರಾಣ
ಒಟ್ಟರಲ್ಲಿ ಸಲ್ಫೇಟ್ ಕಳೆದರೆ ಸಲ್ಫೈಡ್ ಗಂಧಕ 0.9, ಪೈರೈಟಿನದ್ದು ಇದೇ. ಅದನ್ನು 31.25ರಿಂದ ಗುಣಿಸಿದರೆ ಟನ್ನಿಗೆ 28.1 ಕಿಲೋ ಆಮ್ಲ ಸಾಮರ್ಥ್ಯ. ಅನುಪಾತ 18ಕ್ಕೆ 28.1, ಅಂದರೆ 0.64. 1ಕ್ಕಿಂತ ಕಡಿಮೆ, ಅನುಮಾನವೇ ಇಲ್ಲ. 2 ದಾಟಿದ್ದರೆ ನಿಶ್ಚಿಂತೆ, 1ರಿಂದ 2ರ ನಡುವೆ ಇದ್ದರೆ ಆರ್ದ್ರ ಕೋಶದ ಪರೀಕ್ಷೆಗೆ (ಕಲ್ಲಿಗೆ ವಾರವಾರ ಒಣ, ತೇವದ ಗಾಳಿ ಕೊಟ್ಟು ತೊಳೆದು ನೋಡುವುದು) 20 ವಾರ ಕಾಯಬೇಕಿತ್ತು. ಒಂದು ಎಚ್ಚರ: ಕಲ್ಲಿನಲ್ಲಿ ಸಿಡರೈಟ್, ಅಂದರೆ ಕಬ್ಬಿಣದ ಕಾರ್ಬೊನೇಟ್ ಇದ್ದರೆ ಆ 18 ಕೂಡ ಉಬ್ಬಿದ ಅಂಕಿ. ಅದು ಮೊದಲು ಆಮ್ಲ ತಿಂದು, ಆಮೇಲೆ ಕಬ್ಬಿಣ ಉತ್ಕರ್ಷಿಸಿ ಅಷ್ಟನ್ನೂ ವಾಪಸು ಬಿಡುತ್ತದೆ. ಖನಿಜಗಳ ಎಕ್ಸ್‌ರೇ ಮಾಡಿಸಿ.

ಕೊರತೆ ಟನ್ನಿಗೆ 10.1 ಕಿಲೋ. ಒಂದು ಹೆಕ್ಟೇರಿನ ಮೇಲಿನ 30 ಸೆಂಟಿಮೀಟರ್ ಎಂದರೆ, ಸಾಂದ್ರತೆ 1.6 ಹಿಡಿದು, 4,800 ಟನ್ ಕಲ್ಲುಮಣ್ಣು. ಬೇಕಾದ ಸುಣ್ಣಕಲ್ಲಿನ ಪುಡಿ 48 ಟನ್, ಒಂದೂವರೆ ಪಟ್ಟು ಸುರಕ್ಷತೆಗೆ 73 ಟನ್. ಸಲ್ಫೇಟಿನಲ್ಲಿ ಜಾರೊಸೈಟ್, ಅಂದರೆ ಆಮ್ಲ ಹಿಡಿದಿಟ್ಟ ಕಬ್ಬಿಣದ ಸಲ್ಫೇಟ್ ಖನಿಜ, ಇದ್ದರೆ ಅದರ ಆಮ್ಲ ಇನ್ನೂ ಮೇಲೆ. 2 ಟನ್ ಎರಚುವ ಸಲಹೆ ಎಷ್ಟು ದೂರದಲ್ಲಿದೆ ನೋಡಿ.

ಇಳಿಜಾರು
ಹಾಗಾದರೆ ಕ್ರಮ ಇದು. ಬುಡದಲ್ಲಿ ಎರಡು, ನಡುವೆ ಎರಡು ಪೀಜೋಮೀಟರ್ (ಒಳಗಿನ ನೀರಿನ ಮಟ್ಟ ಅಳೆಯುವ ಕೊಳವೆ) ಇಳಿಸಿ ಒಂದು ಮಳೆಗಾಲ ನೀರಿನ ಮಟ್ಟ ಓದಿ. ಅಷ್ಟರಲ್ಲಿ ತಾತ್ಕಾಲಿಕವಾಗಿ ಸುಣ್ಣದ ಘಟಕ ಓಡಲಿ, ಮೇಲಿನ ಸಮತಟ್ಟಿನ ನೀರು ತಿರುಗಿಸಿ. ಆಮೇಲೆ ಬುಡದ ಕಲ್ಲಿನ ಹಾಸು, ಡೋಜರ್ ಕೆಲಸ, ಹೊದಿಕೆ. ಡೋಜರ್ ಹೊಸ ಪೈರೈಟನ್ನು ಹೊರಗೆಳೆಯುವುದರಿಂದ ಇಳಿಜಾರು ಮಾಡಿದ್ದು ಅದೇ ಒಣ ಹಂಗಾಮಿನಲ್ಲಿ ಮುಚ್ಚಿಹೋಗಬೇಕು. ಮುಚ್ಚಲಾಗುವಷ್ಟೇ ಅಗಲ ಬಿಚ್ಚಿ.

ಮಣ್ಣುಹುಳು
ಹೊದಿಕೆ ದಪ್ಪ ತೀರ್ಮಾನವಾಗುವವರೆಗೆ ನರ್ಸರಿಗೆ ಗಿಡದ ಆರ್ಡರ್ ಕೊಡಬೇಡಿ. ಜೇಡಿ ಪದರ ಬಂದರೆ ಆಳ ಬೇರಿನ ಮರ ಅದರ ಮೇಲೆ ಬೇಡ, ಎರಡು ಮೀಟರಿನ ಸಡಿಲ ಪದರವಾದರೆ ಧಾರಾಳವಾಗಿ ಹಾಕಬಹುದು. ಪಟ್ಟಿಯೇ ಬೇರೆಯಾಗುತ್ತದೆ.

ನೀರ್ದಾರಿ
ನೀರಿನ ಮಾದರಿ ಮತ್ತೆ ಕಳಿಸುವಾಗ ಲೋಹಕ್ಕೆ ಒಂದು ಬಾಟಲಿ, ಆಮ್ಲತೆಗೆ ಇನ್ನೊಂದು. ಲೋಹದ್ದನ್ನು ಅಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ತನ್ನಿ. ಆಮ್ಲತೆಯದಕ್ಕೆ ಏನೂ ಹಾಕದೆ, ಗಾಳಿ ಉಳಿಯದ ಹಾಗೆ ಬಾಯಿತನಕ ತುಂಬಿ ತಣ್ಣಗಿಡಿ. ಲೋಹದ ಬಾಟಲಿಗೆ ಆಮ್ಲ ಹಾಕದೆ ಕಳಿಸಿದರೆ ದಾರಿಯಲ್ಲೇ ಕಬ್ಬಿಣ ಬಾಟಲಿಯ ತಳಕ್ಕೆ ಕೂತು, ವರದಿಯಲ್ಲಿ 60ರ ಬದಲು 20 ಬರುತ್ತದೆ, ಸುಣ್ಣದ ಲೆಕ್ಕ ಪೂರ್ತಿ ತಪ್ಪುತ್ತದೆ. ನಿಮ್ಮ ಹಳೆಯ ವರದಿಯ 60 ಕೂಡ ಹೇಗೆ ತೆಗೆದ ಮಾದರಿಯದ್ದೆಂದು ಪ್ರಯೋಗಾಲಯದವರನ್ನು ಕೇಳಿ.